ವರ್ಷತೊಡಕಿನ ಮಾರನೇ ದಿನ ತೆಗೆದ ರಕ್ತ

ಬಾಡಿನ ಸಾರು ಕುದಿಯುವ ವಾಸನೆ ಬಂದರೆ ಎಲ್ಲರಿಗೂ ಹಸಿವಾಗುತ್ತದೆ. ನನಗೆ ಕ್ರಿಯಾಟಿನಿನ್ ನೆನಪಾಗುತ್ತದೆ. ಈ ಸಲದ ಯುಗಾದಿಗೆ ಅಕ್ಕನ ಮನೆಗೆಂದು ಚನ್ನಪಟ್ಟಣದ ಕಡೆ ಹೋಗಿದ್ದೆ. ಹಬ್ಬದ ಮಾರನೇ ದಿನ ನಮ್ಮ ಕಡೆ ವರ್ಷತೊಡಕು. ಬೇವುಬೆಲ್ಲ, ಒಬ್ಬಟ್ಟು, ಮಡಿ ಎಲ್ಲ ಹಿಂದಿನ ದಿನಕ್ಕೇ ಮುಗಿದಿರುತ್ತದೆ, ವರ್ಷತೊಡಕಿಗೆ ಊರಿಗೆ ಊರೇ ಬಾಡು, ಅಂದರೆ ಕುರಿಯ ಮಾಂಸ, ಬೇಯಿಸುತ್ತದೆ. ಬೀದಿಯ ಎರಡೂ ಕಡೆಯಿಂದ ಹುರಿದ ಧನಿಯ, ಚಕ್ಕೆ, ಲವಂಗದ ಘಮ ಮೂಗಿಗೆ ಬಡಿದಾಗ ನಾನು ನಿಂತಲ್ಲೇ ನಕ್ಕುಬಿಟ್ಟೆ. ಯಾಕೆ ನಗುತ್ತಿದ್ದೀಯ ಚಿಕ್ಕಮ್ಮ ಎಂದು ಅಕ್ಕನ ಮಗಳು ಕೇಳಿದಳು. ಹೇಳಲು ಹೊರಟರೆ ಒಂದು ಇಡೀ ಬೇಸಿಗೆಯ ಕತೆ ಹೇಳಬೇಕಿತ್ತು. ಅವಳಿಗೆ ಊಟದ ಅವಸರ, ಆಮೇಲೆ ಹೇಳ್ತೀನಿ ನಡಿ ಎಂದೆ.

ಆ ಬೇಸಿಗೆಯಲ್ಲಿ ನಾನು ಲ್ಯಾಬ್ ಟೆಕ್ನಿಷಿಯನ್ ಕೋರ್ಸು ಮುಗಿಸಿ ಹೊಸದಾಗಿ ಕೆಲಸಕ್ಕೆ ಸೇರಿದ್ದೆ. ನನ್ನ ಊರು ಮಾಗಡಿ ತಾಲ್ಲೂಕಿನ ಗುಡೇಮಾರನಹಳ್ಳಿ. ಬೆಂಗಳೂರಿನ ಒಂದು ಆಸ್ಪತ್ರೆಯವರು ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ ಒಂದು ಅಧ್ಯಯನ ಶುರುಮಾಡಿದ್ದರು. ಏನೂ ಕಾಯಿಲೆಯಿಲ್ಲದ, ಆಡಿಕೊಂಡು ಓಡಿಕೊಂಡು ಇರುವ ಮಕ್ಕಳ ಕಿಡ್ನಿ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ ಎಂದು ಅಂದಾಜು ಮಾಡುವುದು ಅದರ ಉದ್ದೇಶ. ಸಂದರ್ಶನದಲ್ಲಿ ಕೇಳಿದ್ದು ಒಂದೇ ಪ್ರಶ್ನೆ, ಮಕ್ಕಳಿಗೆ ಒಂದೇ ಚುಚ್ಚಿನಲ್ಲಿ ರಕ್ತ ತೆಗೆಯಲು ಬರುತ್ತಾ? ಬರುತ್ತೆ ಎಂದೆ. ಅದೊಂದು ವಿಷಯದಲ್ಲಿ ನನಗೆ ಜಂಬ ಇತ್ತು, ಈಗಲೂ ಇದೆ.

ತಂಡ ಎಂದರೆ ಮೂರೇ ಜನ. ನಾನು, ಜೀಪು ಓಡಿಸುವ ಕೆಂಪರಾಜಣ್ಣ, ಮತ್ತು ಮಕ್ಕಳ ಡಾಕ್ಟರ್ ಶ್ರೀವತ್ಸ. ಡಾಕ್ಟರಿಗೆ ಮೂವತ್ತೈದು ದಾಟಿರಲಿಲ್ಲ. ಮೊಟ್ಟೆಯನ್ನೂ ಮುಟ್ಟದ ಮನೆತನ, ಬಸವನಗುಡಿಯಲ್ಲಿ ಹುಟ್ಟಿ ಬೆಳೆದವರು. ನಮ್ಮ ಪುಸ್ತಕದಲ್ಲಿರುವ 'ಸರಿಯಾದ' ಅಂಕಿಗಳು ಬಹುಪಾಲು ಬೇರೆ ದೇಶದ ಮಕ್ಕಳವು, ಮುದ್ದೆ ತಿಂದು ಬೆಳೆದ ಮಕ್ಕಳದ್ದು ಎಷ್ಟಿರಬೇಕು ಅಂತ ಗೊತ್ತಿಲ್ಲದೆ ನಾವು ಕಾಯಿಲೆ ಹೇಗೆ ಕಂಡುಹಿಡೀಬೇಕು ಎಂದು ಜೀಪಿನಲ್ಲಿ ಕೂತಾಗಲೆಲ್ಲ ಶುರುಮಾಡುವರು. ಮಾತಾಡುತ್ತ ಮಾತಾಡುತ್ತ ಎರಡೂ ಕೈ ಮೇಲೆತ್ತುವರು. ಅವರ ಆ ಉತ್ಸಾಹ ನನಗೂ ಅಂಟಿಕೊಂಡಿತು. ಬೆಳಗಾದರೆ ಸಾಕು, ಇವತ್ತು ಯಾವ ಊರು ಎಂದು ಮೈಯೆಲ್ಲ ಚುರುಕಾಗುತ್ತಿತ್ತು.

ಕೆಲಸ ಸುಲಭದ್ದು. ನಮ್ಮ ಮೈಯ ಮಾಂಸಖಂಡಗಳು ದಿನಾ ಒಂದು ಕಸ ಹುಟ್ಟಿಸುತ್ತವೆ, ಅದೇ ಕ್ರಿಯಾಟಿನಿನ್. ಕಿಡ್ನಿ ಅದನ್ನು ಸೋಸಿ ಹೊರಗೆ ಹಾಕುತ್ತದೆ. ರಕ್ತದಲ್ಲಿ ಅದು ಎಷ್ಟು ಉಳಿದಿದೆ ಎಂದು ನೋಡಿ, ಮಗುವಿನ ಎತ್ತರವನ್ನು ಜೊತೆಗಿಟ್ಟು ಲೆಕ್ಕ ಹಾಕಿದರೆ ಕಿಡ್ನಿಯ ಶಕ್ತಿ ಅಂದಾಜಿಗೆ ಸಿಗುತ್ತದೆ. ಕಸ ಜಾಸ್ತಿ ಉಳಿದಿದ್ದರೆ ಕಿಡ್ನಿ ಸೋತಿದೆ ಎಂದು ಅರ್ಥ. ಹಾಗಾಗಿ ಒಂದು ಚಮಚದಷ್ಟು ರಕ್ತ, ಒಂದು ಎತ್ತರದ ಅಳತೆ, ಅಷ್ಟೇ. ರಕ್ತಕ್ಕಿಂತ ಎತ್ತರಕ್ಕೇ ಜಗಳ ಜಾಸ್ತಿ. ನೆತ್ತಿಯ ಮೇಲೆ ತುರುಬು ಕಟ್ಟಿ ಮಲ್ಲಿಗೆ ಮುಡಿದು ಬಂದ ಹುಡುಗಿಯರು ಅದನ್ನು ಬಿಚ್ಚಲು ಸುತರಾಂ ಒಪ್ಪುತ್ತಿರಲಿಲ್ಲ.

ಇನ್ನೊಂದು ಜಗಳ ಅಪ್ಪ ಅಮ್ಮಂದಿರದ್ದು. ಚೆನ್ನಾಗಿರೋ ಮಗೀನ ರಕ್ತ ಯಾಕೆ ತೆಗೀತೀರಿ, ಕಾಯಿಲೆ ಇಲ್ದೆ ಇದ್ರೂ ಹುಡುಕಿ ಬರಿಸ್ತೀರಾ ಎಂದು ಕೇಳುವರು. ಡಾಕ್ಟರು ತಾಳ್ಮೆಯಿಂದ ವಿವರಿಸುವರು, ಒಪ್ಪಿದವರದ್ದು ಮಾತ್ರ ತೆಗೆಯುತ್ತಿದ್ದೆವು. ಮೊದಮೊದಲು ಖಾಲಿ ಹೊಟ್ಟೆಯಲ್ಲಿ ಕರೆದುಕೊಂಡು ಬನ್ನಿ ಎನ್ನುತ್ತಿದ್ದೆವು. ದೊಡ್ಡಮಳೂರಿನ ಹತ್ತಿರ ಒಬ್ಬ ಹುಡುಗ ನನ್ನ ಸೂಜಿ ನೋಡಿ ತಲೆಸುತ್ತಿ ಬಿದ್ದ ಮೇಲೆ ಆ ಪದ್ಧತಿ ಬಿಟ್ಟು, ಹೊಟ್ಟೆ ತುಂಬ ತಿಂಡಿ ತಿನ್ನಿಸಿ ಕರೆತನ್ನಿ ಎಂದು ಹೇಳಲು ಶುರುಮಾಡಿದೆವು. ತಿಂಡಿ ಎಂದರೆ ಇಡ್ಲಿ, ಉಪ್ಪಿಟ್ಟು, ಚಿತ್ರಾನ್ನ ಎಂದು ಡಾಕ್ಟರ ಲೆಕ್ಕ.

ಯುಗಾದಿ ಬಂತು. ಹಬ್ಬದ ದಿನ ರಜೆ. ಮಾರನೇ ದಿನ ವಿರೂಪಾಕ್ಷಿಪುರ ಹೋಬಳಿಯ ಒಂದು ಹಳ್ಳಿಯಲ್ಲಿ ಕ್ಯಾಂಪು ಎಂದು ಡಾಕ್ಟರು ಹೇಳಿದರೆ ಕೆಂಪರಾಜಣ್ಣ ಜೀಪಿನ ಕೀ ತೆಗೆದು ಅವರ ಕೈಗೇ ಕೊಟ್ಟರು. ವರ್ಷತೊಡಕಿನ ದಿನ ನಮ್ಮ ಅಪ್ಪನಾಣೆ ಬರಲ್ಲ ಸಾರ್ ಎಂದರು. ನಾನೂ ಬರಲ್ಲ ಎಂದೆ. ಡಾಕ್ಟರಿಗೆ ಅದೇನು ಹಬ್ಬ ಎಂದು ಗೊತ್ತಿರಲಿಲ್ಲ, ಆದರೂ ಕ್ಯಾಂಪನ್ನು ಒಂದು ದಿನ ಮುಂದಕ್ಕೆ ಹಾಕಿದರು. ಊರಿಗೆ ಹೋಗಿ ಗುಡ್ಡೆ ಬಾಡು ತಿಂದು ಬಂದೆ. ನಮ್ಮ ಕಡೆ ನಾಲ್ಕಾರು ಮನೆಯವರು ಸೇರಿ ಒಂದು ಕುರಿ ಕೊಯ್ದು, ಮಾಂಸವನ್ನು ಎಲೆಯ ಮೇಲೆ ಸಮ ಸಮನಾಗಿ ಗುಡ್ಡೆ ಹಾಕಿ ಹಂಚಿಕೊಳ್ಳುತ್ತಾರೆ. ಅದಕ್ಕೇ ಆ ಹೆಸರು.

ಕ್ಯಾಂಪಿಗೆ ಮಕ್ಕಳು ದಂಡುದಂಡಾಗಿ ಬಂದರು. ಎಲ್ಲರಿಗೂ ತಿಂಡಿ ಆಯ್ತಾ ಎಂದು ಡಾಕ್ಟರು ಕೇಳಿದರು, ಎಲ್ಲರೂ ಆಯ್ತು ಎಂದು ಕೂಗಿದರು. ಅವರಲ್ಲೊಬ್ಬಳು ಹರ್ಷಿತಾ. ಹನ್ನೊಂದು ವರ್ಷ, ಉದ್ದ ಕಾಲು, ಖೋ ಖೋ ಆಡುವ ಹುಡುಗಿ. ಸೂಜಿ ಒಳಗೆ ಹೋಗುವಾಗ ಮಕ್ಕಳೆಲ್ಲ ಮುಖ ತಿರುಗಿಸಿದರೆ ಇವಳು ಬಗ್ಗಿ ನೋಡಿದಳು. ಕ್ರೀಡಾ ಹಾಸ್ಟೆಲಿಗೆ ಆಯ್ಕೆಯಾಗಿದ್ದೀನಿ, ಆರೋಗ್ಯ ಸರಿಯಿದೆ ಅಂತ ಡಾಕ್ಟರ ಹತ್ರ ಸರ್ಟಿಫಿಕೇಟ್ ಬೇಕು, ನೀವೇ ಕೊಡ್ತೀರಾ ಎಂದು ಕೇಳಿದಳು. ರಿಪೋರ್ಟು ಬರಲಿ, ಖುಷಿಯಾಗಿ ಕೊಡೋಣ ಎಂದರು ಡಾಕ್ಟರು.

ರಿಪೋರ್ಟು ಬಂದಾಗ ನಾನು ಲ್ಯಾಬಿನಲ್ಲೇ ಇದ್ದೆ. ಪರದೆಯ ಮೇಲಿನ ಅಂಕಿಗಳನ್ನು ಎರಡೆರಡು ಸಲ ಓದಿದೆ. ಅಲ್ಲಿಯತನಕ ಯಾವ ಹಳ್ಳಿಯಲ್ಲೂ ಹೀಗೆ ಬಂದಿರಲಿಲ್ಲ. ಆ ಒಂದು ಊರಿನ ಮಕ್ಕಳಲ್ಲಿ ಮುಕ್ಕಾಲು ಪಾಲು ಜನರ ಕ್ರಿಯಾಟಿನಿನ್ ಮೇಲೆ ಹತ್ತಿತ್ತು. ಎಲ್ಲರಿಗಿಂತ ಜಾಸ್ತಿ ಹರ್ಷಿತಾಳದು. ಮೆಷಿನ್ನು ಕೆಟ್ಟಿದೆ ಎಂದುಕೊಂಡೆ. ಅಳತೆ ಗೊತ್ತಿದ್ದ ಮಾದರಿ ಹಾಕಿ ನೋಡಿದರೆ ಮೆಷಿನ್ನು ಕರಾರುವಾಕ್ಕಾಗಿತ್ತು. ಡಾಕ್ಟರು ಓಡಿ ಬಂದರು. ಬೋರ್‌ವೆಲ್ ನೀರಿನಲ್ಲಿ ಏನಾದರೂ ಇದೆಯಾ, ತೋಟಕ್ಕೆ ಹೊಡೆಯುವ ಔಷಧಿಯಾ ಎಂದು ತಾವೇ ಪ್ರಶ್ನೆ ಕೇಳಿಕೊಂಡು ತಾವೇ ತಲೆಯಾಡಿಸಿದರು. ಎರಡನೇ ಸಲ ರಕ್ತ ತೆಗೆಯದೆ ಏನೂ ಹೇಳುವ ಹಾಗಿರಲಿಲ್ಲ. ಅದೇ ದಿನ ಮಧ್ಯಾಹ್ನ ಮೊದಲು ಹರ್ಷಿತಾಳ ಮನೆಗೇ ಹೊರಟೆವು.

ಅವಳಪ್ಪ ಸಿದ್ದರಾಜಣ್ಣ ಒಂದಿಷ್ಟು ಹೊಲ ಮಾಡಿಕೊಂಡು ಕುರಿ ಸಾಕಿಕೊಂಡಿದ್ದವರು. ಮನೆಯ ಪಕ್ಕದಲ್ಲೇ ಕುರಿಹಟ್ಟಿ. ರಕ್ತದಲ್ಲಿ ಒಂದು ಅಂಶ ಸ್ವಲ್ಪ ಜಾಸ್ತಿ ಬಂದಿದೆ, ಇನ್ನೊಂದು ಸಲ ನೋಡಬೇಕು ಎಂದು ಡಾಕ್ಟರು ಮೆತ್ತಗೆ ಹೇಳಿದರು. ಕಿಡ್ನಿ ಎಂಬ ಮಾತು ಬರುತ್ತಿದ್ದಂತೆ ಸಿದ್ದರಾಜಣ್ಣ ಕೂತ ಜಾಗದಲ್ಲೇ ಕುಗ್ಗಿಹೋದರು. ಅವರ ಒಡಹುಟ್ಟಿದ ತಮ್ಮ ಹಿಂದಿನ ವರ್ಷವಷ್ಟೇ ಕಿಡ್ನಿ ಕೆಟ್ಟು ತೀರಿಕೊಂಡಿದ್ದರು. ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ರಾಮನಗರಕ್ಕೆ ಕರೆದುಕೊಂಡು ಹೋಗುತ್ತಿದ್ದವರು ಇದೇ ಅಣ್ಣ.

"ನನ್ನ ತಮ್ಮಂಗೂ ಮೊದ್ಲು ಹಿಂಗೇ ಅಂದಿದ್ರು ಸಾರ್. ಒಸಿ ಜಾಸ್ತಿ ಐತೆ, ಇನ್ನೊಂದ್ಸಲ ನೋಡವ ಅಂತ," ಎಂದರು ಸಿದ್ದರಾಜಣ್ಣ.

ಡಾಕ್ಟರ ಮುಖದ ಬಣ್ಣ ಇಳಿಯಿತು. ಮನೆಯಲ್ಲೇ ಒಬ್ಬರಿಗೆ ಇತ್ತು ಎಂದ ಮೇಲೆ ಮಗಳಿಗೂ ಬಂದಿರುವ ಸಾಧ್ಯತೆ ಇನ್ನೂ ಹೆಚ್ಚು. ಹರ್ಷಿತಾ ಬಾಗಿಲಲ್ಲಿ ನಿಂತು ಎಲ್ಲ ಕೇಳುತ್ತಿದ್ದಳು. ಅಪ್ಪ ಅವಳ ಕಡೆ ನೋಡದೆಯೇ, ಹಾಸ್ಟೆಲು ಗೀಸ್ಟೆಲು ಏನೂ ಬೇಡ, ಮನೇಲಿರು ಎಂದರು. ಹುಡುಗಿ ಅಳಲಿಲ್ಲ. ಸರ್ಟಿಫಿಕೇಟಿಗೆ ಇನ್ನೂ ಟೈಮ್ ಐತೆ ಎಂದು ನನಗೆ ಹೇಳಿದಳು.

ಅವಳಮ್ಮ ಭಾಗ್ಯಮ್ಮ ಮಾತು ಕಡಿಮೆಯ ಹೆಂಗಸು. ಮಜ್ಜಿಗೆ ತಂದುಕೊಟ್ಟು ಕಂಬಕ್ಕೊರಗಿ ನಿಂತಿದ್ದರು. ಡಾಕ್ಟರು ಏನಾದರೂ ಸುಳಿವು ಸಿಗಲಿ ಎಂದು ಒಂದೊಂದೇ ಕೇಳುತ್ತ ಹೋದರು. ಜ್ವರ ಬಂದಿತ್ತಾ, ನೋವಿನ ಮಾತ್ರೆ ನುಂಗಿದ್ದಳಾ, ಕ್ಯಾಂಪಿನ ದಿನ ತಿಂಡಿ ಏನು ತಿಂದಿದ್ದಳು? ಕೊನೆಯದಕ್ಕೆ ಭಾಗ್ಯಮ್ಮ ತಲೆಯೆತ್ತಿದರು.

"ನೀವೇ ಹೇಳಿದ್ರಲ್ಲ ಹೊಟ್ಟೆ ತುಂಬ ತಿನ್ಸಿ ಅಂತ. ರಕ್ತ ಬೇರೆ ತೆಗೀತೀರಿ, ಮಗೀಗೆ ಶಕ್ತಿ ಬ್ಯಾಡ್ವಾ? ಹಿಂದಿನ್ ದಿನದ ಸಾರು ಬಿಸಿ ಮಾಡಿ, ಪಾತ್ರೇಲಿದ್ದ ತುಂಡೆಲ್ಲ ಅವಳಿಗೇ ಹಾಕ್ಬುಟ್ಟೆ."

"ಯಾವ ಸಾರು?" ಎಂದರು ಡಾಕ್ಟರು. ತುಂಡು ಎಂದರೆ ಬೆಲ್ಲದ್ದೋ ತೆಂಗಿನಕಾಯಿಯದ್ದೋ ಎಂದು ಯೋಚಿಸುತ್ತಿದ್ದರೋ ಏನೋ. ಬಾಡಿನ ಸಾರು ಸಾರ್, ವರ್ಷತೊಡಕು ಅಲ್ವಾ ಎಂದು ಹೊರಗಿನಿಂದ ಕೆಂಪರಾಜಣ್ಣ ಹೇಳಿದರು. ತಂಗಳು ಬಾಡಿನ ಸಾರಿಗೆ ರುಚಿ ಜಾಸ್ತಿ, ಅವತ್ತು ಊರಲ್ಲಿ ಯಾರ ಮನೇಲೂ ಬೇರೆ ತಿಂಡಿ ಮಾಡಿರಲ್ಲ ಎಂದೂ ಸೇರಿಸಿದರು.

ಡಾಕ್ಟರು ಎದ್ದು ನಿಂತರು. ಮಜ್ಜಿಗೆ ಲೋಟ ಉರುಳಿತು. ಎಲ್ಲ ಮಕ್ಕಳೂ ತಿಂದಿದ್ರಾ, ಎಷ್ಟು ತಿಂದಿದ್ರು, ಬೆಳಗ್ಗೆ ಎಷ್ಟು ಹೊತ್ತಿಗೆ ಎಂದು ಸುರಿಮಳೆಯಂತೆ ಕೇಳಿದರು. ಕುರಿಯದ್ದೂ ಮಾಂಸಖಂಡವೇ. ಬೇಯಿಸಿದರೆ, ಮತ್ತೆ ಮತ್ತೆ ಕುದಿಸಿದರೆ ಅದರಲ್ಲೂ ಅದೇ ಕ್ರಿಯಾಟಿನಿನ್ ಹುಟ್ಟುತ್ತದೆ. ತಿಂದವರ ರಕ್ತಕ್ಕೆ ಕೆಲವು ಗಂಟೆಗಳ ಕಾಲ ಅದು ಸೇರಿಕೊಳ್ಳುತ್ತದೆ. ಓದಿದ್ದೆ, ಪುಸ್ತಕದಲ್ಲಿ ಓದಿದ್ದೆ ಎಂದು ಅವರು ಎರಡೂ ಕೈ ಮೇಲೆತ್ತಿದರು. ಕ್ಯಾಂಪಿನ ದಿನ ಬೆಳಗ್ಗೆ ನಾನೂ ಏನು ತಿಂದು ಡ್ಯೂಟಿಗೆ ಬಂದಿದ್ದೆ ಎಂದು ನೆನಪಾಗಿ ನನ್ನ ತೋಳನ್ನೇ ನಾನು ನೋಡಿಕೊಂಡೆ. ಅಂಥ ರೋಮಾಂಚನ ನನಗೆ ಪರೀಕ್ಷೆ ಪಾಸಾದಾಗಲೂ ಆಗಿರಲಿಲ್ಲ.

ಸಿದ್ದರಾಜಣ್ಣ ಮಾತ್ರ ನಗಲಿಲ್ಲ. ಬಿಡಿಸಿ ಹೇಳಿ ಎಂದರು. ಡಾಕ್ಟರು ಅವರ ಮುಂದೆ ಕುಕ್ಕರಗಾಲಲ್ಲಿ ಕೂತು ಹೇಳಿದರು, ಬೀದೀಲಿ ಕಸ ಬಿದ್ದಿದ್ರೆ ಗುಡಿಸೋರು ಸೋಮಾರಿ ಅಂತ ನಾವು ಲೆಕ್ಕ ಹಾಕ್ತೀವಿ, ಆದರೆ ಹಿಂದಿನ ದಿನ ಆ ಬೀದೀಲಿ ಮದುವೆ ಆಗಿದ್ರೆ? ಸಿದ್ದರಾಜಣ್ಣನಿಗೆ ಅರ್ಥವಾಯಿತು. ಆದರೆ ಅವರು ಅಲ್ಲಿಗೇ ಬಿಡಲಿಲ್ಲ.

"ಕಸ ಮದ್ವೇದೋ, ಗುಡ್ಸೋರು ಸೋತಿರೋದೋ? ಅದನ್ನ ಹೇಳಿ ಸಾರ್."

ಹೇಳೋಕೆ ಆಗಲ್ಲ ಎಂದರು ಡಾಕ್ಟರು. ಬಾಡಿನಿಂದ ಏರುತ್ತದೆ ಎಂದು ಗೊತ್ತು, ಇಷ್ಟು ಏರುತ್ತದಾ ಎಂದು ಗೊತ್ತಿಲ್ಲ. ಸುಳ್ಳು ಧೈರ್ಯ ಕೊಡಲ್ಲ ಎಂದು ನೇರವಾಗಿಯೇ ಹೇಳಿದರು. ಕ್ಯಾಂಪಿಗೆ ಬಂದ ಮಕ್ಕಳು ಕೆಲವು ದಿನ ಬಾಡು ಮುಟ್ಟಬಾರದು, ಆಮೇಲೆ ಇನ್ನೊಂದು ಸಲ ರಕ್ತ ತೆಗೆಯೋಣ ಎಂದರು. ಬಾಡಿನ ಸಾರು ಎಷ್ಟು ಏರಿಸುತ್ತದೆ ಎಂದು ದೊಡ್ಡವರ ಮೇಲೆ ನೋಡಬಹುದು ಎಂದು ನಾನೇ ಬಾಯಿ ಹಾಕಿದೆ. ತಿನ್ನುವ ಮೊದಲು ಒಂದು ಸಲ, ತಿಂದ ಮೇಲೆ ಒಂದು ಸಲ ನನ್ನ ರಕ್ತ ತೆಗೆಯಿರಿ ಎಂದೆ. ಕೆಂಪರಾಜಣ್ಣ, ನಂದೂ ತೆಗೀಲಿ, ಇಂಥ ಡ್ಯೂಟಿ ಜನ್ಮದಲ್ಲಿ ಇನ್ನೊಂದು ಸಲ ಸಿಗಲ್ಲ ಎಂದರು. ಸಿದ್ದರಾಜಣ್ಣ ಎದ್ದು ಹಟ್ಟಿಯ ಕಡೆ ನೋಡಿದರು. ಕುರಿ ನಂದು, ನಾನೂ ತಿಂತೀನಿ, ನನ್ನ ತಮ್ಮನ ರಕ್ತವೇ ನನ್ನ ಮೈಯಲ್ಲೂ ಇರೋದು, ನಂದನ್ನೇ ನೋಡಿ ಎಂದರು.

ಎರಡನೇ ಸಲ ರಕ್ತ ತೆಗೆದ ಆ ದಿನ ನೆನಸಿಕೊಂಡರೆ ಈಗಲೂ ಕುಣಿಯಬೇಕು ಅನಿಸುತ್ತದೆ. ಬೆಳಗ್ಗೆಯೇ ನಮ್ಮ ಮೂವರ ರಕ್ತ ತೆಗೆದಾಯಿತು. ಆ ಇಬ್ಬರದ್ದು ನಾನು ತೆಗೆದೆ, ನನ್ನದನ್ನು ಡಾಕ್ಟರು ತೆಗೆದರು. ಒಂದು ಚುಚ್ಚಿನಲ್ಲಿ ಆಗಲಿಲ್ಲ, ತೋಳು ನೀಲಿಗಟ್ಟಿತು, ನಾನು ಡಾಕ್ಟರನ್ನು ಬೇಕಾದಷ್ಟು ಆಡಿಕೊಂಡೆ. ಶಾಲೆಯ ಜಗಲಿಯಲ್ಲಿ ಮಕ್ಕಳ ಸಾಲು ಮತ್ತೆ ಕೂತಿತು. ಪಾಪದ ಮಕ್ಕಳಿಗೆ ಅಷ್ಟು ದಿನವೂ ಮುದ್ದೆ, ಸೊಪ್ಪಿನ ಸಾರು. ಹರ್ಷಿತಾ ತೋಳು ಚಾಚಿ ಎಂದಿನಂತೆ ಬಗ್ಗಿ ನೋಡಿದಳು, ಆದರೆ ಈ ಸಲ ಅವಳ ತುಟಿ ಬಿಗಿದಿತ್ತು. ಅವಳ ಟ್ಯೂಬನ್ನು ಐಸ್ ಪೆಟ್ಟಿಗೆಯಲ್ಲಿ ಎಲ್ಲದರ ನಡುವೆ, ಬೀಳದ ಹಾಗೆ ಇಟ್ಟೆ.

ಆಮೇಲೆ ಸಿದ್ದರಾಜಣ್ಣನ ಮನೆಯಲ್ಲಿ ಊಟ. ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ನಾವು ಮೂವರು ತಿನ್ನುತ್ತಿದ್ದರೆ, ಪಕ್ಕದಲ್ಲಿ ಡಾಕ್ಟರು ಮತ್ತು ಹರ್ಷಿತಾ ಸೊಪ್ಪಿನ ಬಸ್ಸಾರಿನ ತಟ್ಟೆ ಹಿಡಿದು ಕೂತಿದ್ದರು. ತಿನ್ನಿ, ಇನ್ನೂ ತಿನ್ನಿ, ಇದು ವಿಜ್ಞಾನ ಎಂದು ಡಾಕ್ಟರು ಮುಖ ಆ ಕಡೆ ತಿರುಗಿಸಿಕೊಂಡೇ ಒತ್ತಾಯ ಮಾಡುತ್ತಿದ್ದರು. ಕೆಂಪರಾಜಣ್ಣ ಒತ್ತಾಯ ಮಾಡಿಸಿಕೊಳ್ಳಲಿಲ್ಲ. ಸಿದ್ದರಾಜಣ್ಣ ಮಾತ್ರ ಒಂದೊಂದು ತುಂಡನ್ನೂ ಮಾತ್ರೆ ನುಂಗುವ ಹಾಗೆ ನುಂಗಿದರು. ಹೊಟ್ಟೆ ತುಂಬಿದ ಮೇಲೂ ಇನ್ನೊಂದು ಸೌಟು ಹಾಕಿಸಿಕೊಂಡರು. ಮಗಳ ಕಸ ಮದುವೆಯದ್ದೇ ಎಂದು ತೋರಿಸಲು ಆ ಮನುಷ್ಯ ತಿನ್ನುತ್ತಿದ್ದರು. ಅದು ಅರ್ಥವಾದಾಗ ನಾನೂ ಇನ್ನೊಂದು ಸೌಟಿಗೆ ತಟ್ಟೆ ಚಾಚಿದೆ. ಬಿಸಿಲು ಇಳಿಯುವ ಹೊತ್ತಿಗೆ ಎರಡನೇ ರಕ್ತ ತೆಗೆದು, ಪೆಟ್ಟಿಗೆ ಎತ್ತಿಕೊಂಡು ಹೊರಟೆವು.

ಮೆಷಿನ್ನಿಗೆ ನಾನೇ ಹಾಕಿದೆ. ಮೊದಲು ದೊಡ್ಡವರದ್ದು. ಕೆಂಪರಾಜಣ್ಣನದ್ದು ಊಟಕ್ಕೆ ಮುಂಚೆ ಸರಿಯಾಗಿತ್ತು, ಆಮೇಲೆ ಎದ್ದು ಕಾಣುವಷ್ಟು ಜಾಸ್ತಿ. ನನ್ನದೂ ಏರಿತ್ತು. ಸಿದ್ದರಾಜಣ್ಣನದ್ದು ನಮ್ಮಿಬ್ಬರಿಗಿಂತ ಜಾಸ್ತಿ ಏರಿತ್ತು, ಆದರೆ ಬೆಳಗಿನದ್ದು ಸರಿಯಾಗಿಯೇ ಇತ್ತು. ಡಾಕ್ಟರು ನನ್ನ ಬೆನ್ನ ಹಿಂದೆ ನಿಂತು ಜೋರಾಗಿ ಉಸಿರಾಡುತ್ತಿದ್ದರು. ಮಕ್ಕಳದ್ದು ಒಂದೊಂದೇ ಬರತೊಡಗಿತು. ಸರಿ, ಸರಿ, ಇದೂ ಸರಿ. ಹರ್ಷಿತಾಳ ಟ್ಯೂಬು ಒಳಗೆ ಹೋದಾಗ ಇಬ್ಬರೂ ಪರದೆಯ ಮೇಲೆ ಬಗ್ಗಿದೆವು. ಅಂಕಿ ಮೂಡಿತು. ಎತ್ತರ ಹಾಕಿ ಲೆಕ್ಕ ಮಾಡಿದೆ, ನಂಬಿಕೆಯಾಗದೆ ಇನ್ನೊಂದು ಸಲ ಮಾಡಿದೆ. ಹುಡುಗಿಯ ಕಿಡ್ನಿ ಅವಳ ಕಾಲಿನಷ್ಟೇ ಚುರುಕಾಗಿತ್ತು. ಡಾಕ್ಟರು ಕಾರಿಡಾರಿನಲ್ಲಿ ಹೋಗುತ್ತಿದ್ದವರನ್ನೆಲ್ಲ ನಿಲ್ಲಿಸಿ ವರ್ಷತೊಡಕು ಎಂದರೆ ಏನು ಎಂದು ವಿವರಿಸಲು ಶುರುಮಾಡಿದರು.

ಫೋನಿನಲ್ಲಿ ಹೇಳಬಹುದಿತ್ತು, ನಮಗೆ ಮನಸ್ಸಾಗಲಿಲ್ಲ. ಕೆಂಪರಾಜಣ್ಣ ಜೀಪನ್ನು ಓಡಿಸಿದ್ದಲ್ಲ, ಹಾರಿಸಿದ್ದು. ಸಿದ್ದರಾಜಣ್ಣ ಬಾಗಿಲಲ್ಲೇ ನಿಂತಿದ್ದರು. ಡಾಕ್ಟರು ಚಪ್ಪಲಿಯನ್ನೂ ಬಿಡದೆ ಹೇಳಿದರು, ಕಸ ಮದುವೆಯದ್ದೇ, ಗುಡಿಸೋರು ಗಟ್ಟಿಯಾಗಿದಾರೆ, ಸರ್ಟಿಫಿಕೇಟ್ ಈಗಲೇ ಬರೆದುಕೊಡ್ತೀನಿ. ಇನ್ನೊಂದ್ಸಲ ಹೇಳಿ ಎಂದರು ಸಿದ್ದರಾಜಣ್ಣ. ಡಾಕ್ಟರು ಇನ್ನೊಂದು ಸಲ ಹೇಳಿದರು. ಅಪ್ಪ ಟವೆಲಿನಲ್ಲಿ ಮುಖ ಮುಚ್ಚಿಕೊಂಡರು. ಹರ್ಷಿತಾ ಆಗಲೇ ಅಂಗಳ ದಾಟಿ ಬೀದಿಯಲ್ಲಿ ಓಡುತ್ತಿದ್ದಳು. ಯಾರಿಗೆ ಹೇಳಲು ಹೋದಳೋ ಗೊತ್ತಿಲ್ಲ, ಅವಳ ಕೂಗು ಮಾತ್ರ ಬೀದಿಯ ಕೊನೆಯಿಂದ ಕೇಳುತ್ತಿತ್ತು.

ಭಾಗ್ಯಮ್ಮ ಒಲೆಯ ಮುಂದಿನಿಂದ ಎದ್ದು ಬಂದರು. ನನ್ನ ಹತ್ತಿರ ಬಂದು, ಡಾಕ್ಟರಿಗೆ ಕೇಳದ ಹಾಗೆ ಮೆಲ್ಲಗೆ ಕೇಳಿದರು.

"ಹಂಗಾದ್ರೆ ನಂದು ಬ್ಯಾಡ್ವಾ ನರ್ಸಮ್ಮ?"

ಏನು ಎಂದು ನನಗೆ ತಕ್ಷಣ ಹೊಳೆಯಲಿಲ್ಲ. ಭಾಗ್ಯಮ್ಮ ಸೊಂಟದ ಮೇಲೆ ಕೈಯಿಟ್ಟು ತೋರಿಸಿದರು.

"ಮೈದುನಂಗೆ ಕಿಡ್ನಿ ಕೊಡಾಕೆ ಯಾರೂ ಇರ್ನಿಲ್ಲ. ಇವಳಿಗೆ ನಂದು ಕೊಡವ ಅಂತ ಇದ್ದೆ. ನೀವು ಬಂದೋದ ದಿನದಿಂದ ಚೊಂಬುಗಟ್ಲೆ ನೀರು ಕುಡೀತಾ ಇವ್ನಿ, ನಂದು ಒಸಿ ಚೆಂದಾಗಿರ್ಲಿ ಅಂತವ."

ಗಂಡನಿಗೂ ಹೇಳಿರಲಿಲ್ಲ. ನಮ್ಮ ಅಷ್ಟೆಲ್ಲ ಗದ್ದಲದ ನಡುವೆ, ಸಾರು ಕುದಿಸುತ್ತ, ತಟ್ಟೆಗೆ ಬಡಿಸುತ್ತ, ಅವರು ಒಳಗೊಳಗೇ ತೀರ್ಮಾನ ಮಾಡಿ ಮುಗಿಸಿದ್ದರು. ನಾನು ಅವರನ್ನು ತಬ್ಬಿಕೊಂಡೆ. ನಗು ಬಂತು, ಅದರ ಹಿಂದೆಯೇ ಅಳು ಬಂತು, ಎರಡನ್ನೂ ತಡೆಯಲಿಲ್ಲ. ಬೇಡ ಭಾಗ್ಯಮ್ಮ, ನಿಮ್ಮದು ನಿಮಗೇ ಇರಲಿ ಎಂದೆ.

ಅವರು ಸೆರಗಿನಲ್ಲಿ ಕೈ ಒರೆಸಿಕೊಂಡರು. ಆಮೇಲೆ, ಇಷ್ಟು ನೀರು ಕುಡಿದದ್ದು ದಂಡವಾಗಬಾರದು, ನಂದೂ ಹೆಂಗೈತೆ ಅಂತ ನೋಡ್ಬುಡಿ ಎಂದು ರವಿಕೆಯ ತೋಳು ಮೇಲೆ ಸರಿಸಿ ಕೈ ಚಾಚಿದರು. ನಾನು ತೋಳಿಗೆ ಬಿಗಿಯಾಗಿ ಪಟ್ಟಿ ಕಟ್ಟಿದೆ. ಬೆರಳಿಟ್ಟು ಹುಡುಕುವ ಕೆಲಸವೇ ಇರಲಿಲ್ಲ. ಅಷ್ಟು ತುಂಬಿಕೊಂಡ ನರ ಆ ಬೇಸಿಗೆಯಲ್ಲಿ ನನಗೆ ಇನ್ನೊಬ್ಬರ ಕೈಯಲ್ಲಿ ಸಿಗಲಿಲ್ಲ.